ಅತ್ತೆಯವರಿಗೆ ಮನೆಯಲ್ಲೇ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಿಗೆ ನೆರವಾಗುವ ಯಂತ್ರ) ಹಾಕಬೇಕಂತೆ. ಕರೆಂಟ್ ಹೋದ ರಾತ್ರಿ ಏನು ಮಾಡುವುದು?

ತೋಟದಮನೆ ಸೊಸೆ · ಸೋಮವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಅತ್ತೆಯವರಿಗೆ 63 ವರ್ಷ. ಬೀಡಿ, ಸಿಗರೇಟು ಕಂಡವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಹೊಗೆಯಲ್ಲೇ ಬದುಕಿದವರು. ಅಡುಗೆಯ ಒಲೆ, ಬಚ್ಚಲ ಒಲೆ, ಕೊಯ್ಲು ಬಂತೆಂದರೆ ಅಡಿಕೆ ಬೇಯಿಸುವ ಒಲೆ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಎಂದು ಐದು ವರ್ಷದ ಹಿಂದೆಯೇ ಗೊತ್ತಾಗಿತ್ತು. ಈ ಮಳೆಗಾಲ ಒಂದರಲ್ಲೇ ಎರಡು ಸಲ ಐಸಿಯು ಸೇರಿದರು.

ಎರಡನೆಯ ಸಲ ಆಂಬುಲೆನ್ಸ್‌ನಲ್ಲಿ ಆಮ್ಲಜನಕವನ್ನು ಜೋರಾಗಿ ಬಿಟ್ಟಿದ್ದರು. ಬೆರಳಿನ ಮೀಟರಿನಲ್ಲಿ 98 ನೋಡಿ ನಾವು ಸಮಾಧಾನಪಟ್ಟೆವು. ಅವರು ಮಾತ್ರ ಕರೆದರೂ ಓಗೊಡದಂತೆ ಮಂಪರಿಗೆ ಜಾರುತ್ತಿದ್ದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಇಂಗಾಲದ ಡೈಆಕ್ಸೈಡ್ 82 ಇತ್ತು. ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ ಬೈಪ್ಯಾಪ್ ಹಚ್ಚಿದ ಮೇಲೆ ಮರುದಿನ ಬೆಳಿಗ್ಗೆ ನನ್ನ ಹೆಸರು ಹಿಡಿದು ಕರೆದರು. ಮನೆಗೆ ಬಂದು ಮೂರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದೆವು, 57. ಇನ್ನು ಪ್ರತಿ ರಾತ್ರಿ ಮನೆಯಲ್ಲೇ ಬೈಪ್ಯಾಪ್ ಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ.

ನಾದಿನಿ ಒಪ್ಪುತ್ತಿಲ್ಲ. ಒಮ್ಮೆ ಹಚ್ಚಿದರೆ ಅದಿಲ್ಲದೆ ಉಸಿರೇ ಇರುವುದಿಲ್ಲ ಎನ್ನುತ್ತಾಳೆ. ಮಾವನವರು ಬಾಯಿ ಬಿಡುತ್ತಿಲ್ಲ. ನನ್ನ ಭಯ ಬೇರೆ. ಮಳೆ ಹಿಡಿದರೆ ನಮ್ಮಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಮರ ಬಿದ್ದರೆ ಕಾರೂ ಹೊರಡುವುದಿಲ್ಲ. ಮನೆಯಲ್ಲಿ ಇದನ್ನು ನಡೆಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹೊಳೆದಂಡೆ · ಸೋಮವಾರ, ರಾತ್ರಿ 10.05

ಯಂತ್ರ ಯಾಕೆ? ಒಂದು ಆಮ್ಲಜನಕದ ಸಿಲಿಂಡರ್ ಮನೆಯಲ್ಲಿ ಇಟ್ಟುಕೊಂಡರೆ ಸಾಲದೇ? ನಮ್ಮ ದೊಡ್ಡಪ್ಪನಿಗೆ ಹಾಗೇ ಮಾಡಿದ್ದೆವು.

ಉಸಿರಿನ ಕೆಲಸ · ಸೋಮವಾರ, ರಾತ್ರಿ 10.31

ಸಾಲದು. ಆಂಬುಲೆನ್ಸ್‌ನಲ್ಲಿ ನಡೆದದ್ದನ್ನು ಅವರು ಬರೆದದ್ದೇ ಅದಕ್ಕೆ ಉತ್ತರ. ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಉಸಿರಾಟ ಚಿಕಿತ್ಸಕ, ಹನ್ನೊಂದು ವರ್ಷದಿಂದ ಇದೇ ಕೆಲಸ.

ಉಸಿರಾಟದಲ್ಲಿ ಎರಡು ಕೆಲಸಗಳಿವೆ. ಆಮ್ಲಜನಕವನ್ನು ಒಳಗೆ ತರುವುದು ಒಂದು, ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು ಇನ್ನೊಂದು. ಸಿಲಿಂಡರ್ ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಎದೆಯ ಮತ್ತು ಅದರ ಕೆಳಗಿನ ಪರದೆಯಾದ ವಪೆಯ ಸ್ನಾಯುಗಳು ಗಾಳಿಯನ್ನು ಆಡಿಸಬೇಕು. ಅವು ದಣಿದಿದ್ದರೆ ಸಿಲಿಂಡರ್ ಏನೂ ಮಾಡಲಾರದು. ಇಂಗಾಲ ಹಿಡಿದಿಟ್ಟುಕೊಳ್ಳುವ ರೋಗಿಗೆ ಆಮ್ಲಜನಕ ಅತಿಯಾದರೆ ಅದು ಇನ್ನಷ್ಟು ಏರಿ ಮಂಪರು ಕವಿಯುತ್ತದೆ. ಇಂಥವರಿಗೆ ಬೆರಳಿನ ಮೀಟರ್ 88ರಿಂದ 92ರ ನಡುವೆ ಇದ್ದರೆ ಸಾಕು. ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಅತ್ತೆಯವರ ಫೈಲಿನ ಮೇಲೆ ಅಂಟಿಸಿ. ಮುಂದಿನ ಸಲ ಆಂಬುಲೆನ್ಸ್ ಹತ್ತುವಾಗ ಮೊದಲು ಅದನ್ನು ತೋರಿಸಿ.

ಬೈಪ್ಯಾಪ್ ಎರಡು ಒತ್ತಡಗಳಲ್ಲಿ ಗಾಳಿ ಕೊಡುತ್ತದೆ. ಉಸಿರು ಎಳೆದುಕೊಳ್ಳುವಾಗ ಹೆಚ್ಚು, ಬಿಡುವಾಗ ಕಡಿಮೆ. ನಿಮ್ಮ ಚೀಟಿಯಲ್ಲಿ ಐಪ್ಯಾಪ್, ಈಪ್ಯಾಪ್ ಎಂದಿರುವುದು ಅದೇ. ನಿದ್ದೆಯಲ್ಲಿ ಎಲ್ಲರ ಉಸಿರೂ ಸ್ವಲ್ಪ ಮೇಲುಮೇಲಾಗುತ್ತದೆ, ಇವರಿಗೆ ಅದು ತಡೆಯಲಾರದಷ್ಟು. ರಾತ್ರಿ ಯಂತ್ರ ಭಾರ ಹೊತ್ತರೆ ಹಗಲಿಗೆ ಸ್ನಾಯುಗಳಲ್ಲಿ ಕಸುವು ಉಳಿಯುತ್ತದೆ. ಅಭ್ಯಾಸವಾಗಿಬಿಡುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ನಾದಿನಿಯವರ ಆತಂಕ ನನಗೆ ಅರ್ಥವಾಗುತ್ತದೆ, ಐಸಿಯುವಿನಲ್ಲಿ ಕೊಳವೆ ಹಾಕಿಸಿಕೊಂಡವರನ್ನು ನೋಡಿ ಹುಟ್ಟುವ ಆತಂಕ ಅದು. ಇಲ್ಲಿ ಕೊಳವೆ ಇಲ್ಲ. ಮಾಸ್ಕನ್ನು ಅತ್ತೆಯವರೇ ಕೈಯಿಂದ ತೆಗೆಯಬಹುದು.

ನಿಮ್ಮ ವೈದ್ಯರು ಆಸ್ಪತ್ರೆಯಿಂದ ಬಿಡುವಾಗಲೇ ಯಂತ್ರ ಹೊರಿಸದೆ, ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಸಿದ್ದು ನನಗೆ ಬಹಳ ಹಿಡಿಸಿತು. ಎಷ್ಟೋ ಜನರಿಗೆ ಆ ಹೊತ್ತಿಗೆ ಇಂಗಾಲ ತಾನಾಗಿಯೇ ಇಳಿದಿರುತ್ತದೆ. ಸಹಜ ಮಟ್ಟ 35ರಿಂದ 45. ಇಳಿಯದೆ 53ರ ಮೇಲೆ ನಿಂತವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬರೀ ಆಮ್ಲಜನಕ ಪಡೆದವರಲ್ಲಿ ಅರ್ಧದಷ್ಟು ಜನ ಮತ್ತೆ ಆಸ್ಪತ್ರೆ ಸೇರಲು ಇಲ್ಲವೇ ತೀರಿಕೊಳ್ಳಲು ಹಿಡಿದದ್ದು 1.4 ತಿಂಗಳು. ಮನೆಯಲ್ಲಿ ಯಂತ್ರವನ್ನೂ ಬಳಸಿದವರಿಗೆ 4.3 ತಿಂಗಳು. ಅತ್ತೆಯವರು ಸರಿಯಾಗಿ ಆ ಗುಂಪಿನವರು.

ನಾಡಿಮಿಡಿತ · ಸೋಮವಾರ, ರಾತ್ರಿ 10.58

ಬೇಸರಿಸಬೇಡಿ, ಇದರಲ್ಲಿ ಅರ್ಧ ಮಾರಾಟಗಾರರ ಆಟ. ಆಸ್ಪತ್ರೆಯ ಬಾಗಿಲಲ್ಲೇ ಯಂತ್ರದವನು ನಿಂತಿರುತ್ತಾನೆ. ನಮ್ಮ ತಂದೆಗೆ 78,000 ರೂಪಾಯಿಯ ಯಂತ್ರ ಕೊಡಿಸಿ ಒಂಬತ್ತು ದಿನ ಬಳಸಿದೆವು. ಅದು ಈಗಲೂ ಅಟ್ಟದ ಮೇಲಿದೆ. ನಿತ್ಯ ಪ್ರಾಣಾಯಾಮ ಮಾಡಿಸಿ, ಹೊಗೆಯಿಂದ ದೂರ ಇಡಿ.

ಉಸಿರಿನ ಕೆಲಸ · ಸೋಮವಾರ, ರಾತ್ರಿ 11.10

ಒಂಬತ್ತು ದಿನಕ್ಕೇ ಏಕೆ ಬಿಟ್ಟಿರಿ?

ನಾಡಿಮಿಡಿತ · ಸೋಮವಾರ, ರಾತ್ರಿ 11.14

ಮೂಗಿನ ಮೇಲೆ ಹುಣ್ಣಾಯಿತು. ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಹೊಟ್ಟೆ ಉಬ್ಬರಿಸುತ್ತಿತ್ತು. ಮಾರಿದವನು ಫೋನ್ ಎತ್ತಲಿಲ್ಲ.

ಉಸಿರಿನ ಕೆಲಸ · ಸೋಮವಾರ, ರಾತ್ರಿ 11.29

ನೀವು ಹೇಳಿದ ಮೂರೂ ಮಾಸ್ಕಿನ ಅಳತೆ ಮತ್ತು ಒತ್ತಡದ ಹೊಂದಾಣಿಕೆಯ ತೊಂದರೆಗಳು. ಮೂರೂ ಸರಿಹೋಗುವಂಥವು. ನಿಮ್ಮ ತಂದೆಯವರಿಗೆ ಯಾರೂ ಮನೆಗೆ ಬಂದು ಸರಿಮಾಡಲಿಲ್ಲ, ಅದು ಅನ್ಯಾಯ. ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ಯಂತ್ರದ ಮೇಲೆ ತೀರಿಸಿಕೊಳ್ಳಬೇಡಿ. ಪ್ರಾಣಾಯಾಮ, ನಡಿಗೆ, ಶ್ವಾಸಕೋಶದ ವ್ಯಾಯಾಮ ಎಲ್ಲವನ್ನೂ ಮಾಡಿಸಲಿ, ಒಳ್ಳೆಯದು. 57 ಇರುವ ಇಂಗಾಲವನ್ನು ಅವು ಇಳಿಸುವುದಿಲ್ಲ.

ಸೊಸೆಯವರೇ, ಇದಕ್ಕೇ ಹೇಳುತ್ತೇನೆ: ಯಂತ್ರದ ಬೆಲೆಗಿಂತ ಮೊದಲು ಮೂರು ಅಳತೆಯ ಮಾಸ್ಕ್ ತಂದು ಮುಖದ ಮೇಲಿಟ್ಟು ನೋಡುವವರು ಯಾರು ಎಂದು ಕೇಳಿ. ಪಟ್ಟಿಯನ್ನು ಬಿಗಿಯಾಗಿ ಎಳೆದರೆ ಸೋರಿಕೆ ನಿಲ್ಲುತ್ತದೆ ಎಂದು ಎಲ್ಲರೂ ಎಳೆಯುತ್ತಾರೆ, ಹುಣ್ಣಾಗುವುದು ಅಲ್ಲಿಂದಲೇ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮಾಸ್ಕಿನಲ್ಲಿ ಅಥವಾ ಕೊಳವೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಬಿಟ್ಟ ಉಸಿರು ಹೊರಹೋಗುವ ದಾರಿ ಅದು. ಗಾಳಿ ಸೋರುತ್ತಿದೆ ಎಂದು ಅದಕ್ಕೆ ಟೇಪ್ ಸುತ್ತಿದವರನ್ನು ನಾನು ಕಂಡಿದ್ದೇನೆ. ಎಂದೂ ಮುಚ್ಚಬೇಡಿ.

ಕಂಬದ ಕೆಲಸ · ಮಂಗಳವಾರ, ಬೆಳಿಗ್ಗೆ 6.15

ತಂಗೀ, ಕರೆಂಟಿನ ಮಾತಿಗೆ ಯಾರೂ ಬರಲಿಲ್ಲವಲ್ಲ. ನಾನು ಲೈನ್‌ಮನ್ ಆಗಿ 33 ವರ್ಷ ದುಡಿದು ನಿವೃತ್ತನಾದವನು, ಮಲೆನಾಡಿನ ಮಳೆಯಲ್ಲೇ.

ಲೆಕ್ಕ ಬಹಳ ಸರಳ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಒಂದು ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಗಂಟೆ. ಪೂರ್ತಿ ಬರಿದುಮಾಡಬಾರದು, ಇನ್ವರ್ಟರೂ ಒಂದಿಷ್ಟು ತಿನ್ನುತ್ತದೆ. 1,000 ಎಂದೇ ಹಿಡಿಯಿರಿ. ಬೈಪ್ಯಾಪ್ ಬರೀ ಗಾಳಿ ಊದುವಾಗ ಸುಮಾರು 40 ವಾಟ್ ಎಳೆಯುತ್ತದೆ. ಅಂದರೆ 25 ಗಂಟೆ, ಮೂರು ರಾತ್ರಿ. ಗಾಳಿಗೆ ತೇವ ಕೊಡಲು ನೀರು ಬಿಸಿಮಾಡುವ ಪೆಟ್ಟಿಗೆಯನ್ನೂ ಹಚ್ಚಿದರೆ 90ರ ಆಸುಪಾಸು, ಒಂದು ರಾತ್ರಿಗೆ ಧಾರಾಳ. ಕರೆಂಟ್ ಹೋದ ದಿನ ನೀರಿನ ಪೆಟ್ಟಿಗೆಯನ್ನು ಆರಿಸಿ. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸೆಂಟ್ರೇಟರ್ ಇದ್ದರೆ ಮಾತ್ರ ಕಷ್ಟ. ಅದು 350 ವಾಟ್ ನುಂಗುತ್ತದೆ, ಮೂರು ಗಂಟೆಗೆ ಬ್ಯಾಟರಿ ಮಲಗುತ್ತದೆ.

ಇನ್ವರ್ಟರ್ ಕೊಳ್ಳುವಾಗ ಶುದ್ಧ ಸೈನ್ ವೇವ್ ಎಂದು ಕೇಳಿಯೇ ತೆಗೆದುಕೊಳ್ಳಿ. ಅಗ್ಗದ ಚೌಕ ಅಲೆಯದ್ದು ಇಂಥ ಯಂತ್ರಕ್ಕೆ ಆಗುವುದಿಲ್ಲ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹಳೆಯ ತೋಟದ ಮನೆಗಳಲ್ಲಿ ಅರ್ಥ್ ತಂತಿ ಎಲ್ಲಿ ಕಡಿದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ವೈದ್ಯರ ಪತ್ರದ ನಕಲು ಇಟ್ಟು ಸೆಕ್ಷನ್ ಆಫೀಸಿಗೆ ಒಂದು ಅರ್ಜಿ ಕೊಡಿ, ಕೆಲಸಕ್ಕೆಂದು ಲೈನ್ ತೆಗೆಯುವ ದಿನ ಮೊದಲೇ ತಿಳಿಸಿರಿ ಎಂದು. 1912ಕ್ಕೆ ಕರೆ ಮಾಡಿದಾಗಲೂ ಮನೆಯಲ್ಲಿ ಉಸಿರಿನ ಯಂತ್ರವಿದೆ ಎಂದು ಬರೆಸಿ.

ಹೊಳೆದಂಡೆ · ಮಂಗಳವಾರ, ಬೆಳಿಗ್ಗೆ 7.02

ಅರ್ಜಿ ಕೊಟ್ಟರೆ ಯಾರು ಓದುತ್ತಾರೆ ಅಣ್ಣ?

ಕಂಬದ ಕೆಲಸ · ಮಂಗಳವಾರ, ಬೆಳಿಗ್ಗೆ 7.10

ಓದುತ್ತಾರೆ. ನಾವೂ ಮನೆಮಠ ಇದ್ದವರೇ. ಡಯಾಲಿಸಿಸ್‌ನವರ ಮನೆಯೊಂದಿದೆ ಎಂದು ಗೊತ್ತಿದ್ದ ಫೀಡರಿಗೆ ನಾವು ಮೊದಲು ಹೋಗುತ್ತಿದ್ದೆವು. ಗೊತ್ತೇ ಇಲ್ಲದಿದ್ದರೆ ಹೋಗುವುದು ಹೇಗೆ?

ಮಗನ ಅಪ್ಪ · ಮಂಗಳವಾರ, ಬೆಳಿಗ್ಗೆ 8.40

ಕಂಬದ ಅಣ್ಣನವರ ಲೆಕ್ಕ ಸರಿ, ಆದರೆ ರಾತ್ರಿ ಮಾತ್ರ ಬಳಸುವವರಿಗೆ. ಇದನ್ನು ಓದುವ ಬೇರೆಯವರು ದಾರಿ ತಪ್ಪಬಾರದೆಂದು ಬರೆಯುತ್ತಿದ್ದೇನೆ.

ತುಮಕೂರಿನವನು. ಮಗನಿಗೆ 22 ವರ್ಷ, ಡುಷೆನ್ ಸ್ನಾಯುಕ್ಷಯ. ಹತ್ತನೆಯ ವಯಸ್ಸಿಗೆ ನಡಿಗೆ ನಿಂತಿತು. ಹದಿನೇಳಕ್ಕೆ ಬೆಳಗಿನ ತಲೆನೋವು, ತರಗತಿಯಲ್ಲಿ ತೂಕಡಿಕೆ ಶುರುವಾಯಿತು. ಓದಿನ ಒತ್ತಡ ಎಂದುಕೊಂಡೆವು. ನಿಮ್ಹಾನ್ಸ್‌ನಲ್ಲಿ ರಾತ್ರಿಯ ಉಸಿರಾಟ ನೋಡಿ, ಇಂಗಾಲ ಏರುತ್ತಿದೆ ಎಂದರು. ಮೊದಲು ರಾತ್ರಿಗಷ್ಟೇ ಇದ್ದದ್ದು ಈಗ ದಿನಕ್ಕೆ 20 ಗಂಟೆ. ಇಷ್ಟು ಅವಲಂಬನೆ ಇರುವವರಿಗೆ ಮನೆಯ ಇನ್ವರ್ಟರ್ ಒಂದನ್ನೇ ನಂಬಬಾರದು. ಒಳಗೇ ಬ್ಯಾಟರಿ ಮತ್ತು ಎಚ್ಚರಿಕೆಯ ಗಂಟೆ ಇರುವ ಯಂತ್ರ ಬೇಕು, ಅದು ಕೆಟ್ಟರೆ ಬದಲಿಯಾಗಿ ಎರಡನೆಯ ಯಂತ್ರ ಬೇಕು, ಹಾಸಿಗೆಯ ತಲೆಯ ಹತ್ತಿರ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ತೂಗುಹಾಕಿರಬೇಕು. ಅದನ್ನು ಒತ್ತುವುದನ್ನು ನನ್ನ ಹೆಂಡತಿ, ಮಗಳು, ಎದುರುಮನೆಯ ಹುಡುಗ ಮೂವರೂ ಕಲಿತಿದ್ದಾರೆ.

ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟು, ಬ್ಯಾಟರಿಯೂ ಮುಗಿದು, ಎರಡು ಮುಕ್ಕಾಲು ಗಂಟೆ ಕೈಯಲ್ಲೇ ಒತ್ತಿದೆವು. ಸರದಿಯ ಮೇಲೆ, ಹತ್ತು ಹತ್ತು ನಿಮಿಷ. ಮಗ ಕಣ್ಣು ತೆರೆದೇ ಇದ್ದ. ನನ್ನ ಸರದಿ ಬಂದಾಗಲೆಲ್ಲ ವೇಗ ಹೆಚ್ಚಾಗುತ್ತಿದೆ ಎಂದು ಹುಬ್ಬಿನಿಂದ ತಿಳಿಸುತ್ತಿದ್ದ. ಅದಾದ ಮೇಲೆ ಎರಡನೆಯ ಬ್ಯಾಟರಿಯನ್ನು ಸಾಲ ಮಾಡಿ ತಂದೆ.

ಹಳೆಯ ಪುಟ · ಮಂಗಳವಾರ, ಬೆಳಿಗ್ಗೆ 9.22

ನಿಮ್ಮ ಬರಹ ಓದಿ ಕೈ ನಡುಗಿತು. ನೀವು ಮಾಡಿದ್ದೇ ಈ ಚಿಕಿತ್ಸೆಯ ಮೊದಲ ಅಧ್ಯಾಯ ಎಂದು ಹೇಳಬೇಕೆನಿಸಿತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟೇ ಇದ್ದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಮಕ್ಕಳ ಗಂಟಲಿಗೆ ಕೊಳವೆ ಹಾಕಿಸಿ ಚೀಲವನ್ನು ಕೈಯಲ್ಲಿ ಒತ್ತಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ತಿಂಗಳುಗಟ್ಟಲೆ ಒತ್ತಿದರು. ಅಲ್ಲಿಂದಲೇ ಇಂದಿನ ಐಸಿಯು ಹುಟ್ಟಿದ್ದು. ಅದಕ್ಕೂ ಮೊದಲು ಇದ್ದದ್ದು 1928ರಲ್ಲಿ ಬಾಸ್ಟನ್‌ನಲ್ಲಿ ಮೊದಲು ಬಳಸಿದ ಕಬ್ಬಿಣದ ಶ್ವಾಸಕೋಶ, ಕತ್ತಿನವರೆಗೆ ಮೈಯನ್ನು ಒಳಗಿಟ್ಟು ಮುಚ್ಚುವ ದೊಡ್ಡ ಪೀಪಾಯಿ. ಅಮೆರಿಕದ ಪಾಲ್ ಅಲೆಕ್ಸಾಂಡರ್ 1952ರಲ್ಲಿ, ಆರನೆಯ ವಯಸ್ಸಿನಲ್ಲಿ, ಅದರೊಳಗೆ ಹೋದವರು ವಕೀಲರಾಗಿ ಬಾಳಿ 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಹೊಳೆದಂಡೆ · ಮಂಗಳವಾರ, ಬೆಳಿಗ್ಗೆ 9.30

72 ವರ್ಷ! ಪೀಪಾಯಿಯೊಳಗೆ ಇದ್ದು ವಕೀಲಿಕೆ ಹೇಗೆ ಸಾಧ್ಯ?

ಹಳೆಯ ಪುಟ · ಮಂಗಳವಾರ, ಬೆಳಿಗ್ಗೆ 9.41

ಕಪ್ಪೆ ಉಸಿರಾಡುವಂತೆ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಶ್ವಾಸಕೋಶಕ್ಕೆ ತಳ್ಳುವುದನ್ನು ಕಲಿತಿದ್ದರು. ಅದರಿಂದ ಕೆಲವು ಗಂಟೆ ಹೊರಗೆ ಇರಲು ಆಗುತ್ತಿತ್ತು.

ಉಸಿರಿನ ಕೆಲಸ · ಮಂಗಳವಾರ, ಬೆಳಿಗ್ಗೆ 10.00

ಆ ಗುಟುಕು ಉಸಿರನ್ನು ಈಗಲೂ ಸ್ನಾಯುಕ್ಷಯದ ಕೆಲವರಿಗೆ ಕಲಿಸುತ್ತಾರೆ. ಆದರೆ ಸಿಒಪಿಡಿಗೆ ಅದು ಬೇಡ, ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ.

ತೇಮ್ಸ್ ದಂಡೆ · ಮಂಗಳವಾರ, ಮಧ್ಯಾಹ್ನ 3.15

ಇಂಗ್ಲೆಂಡಿನಲ್ಲಿ ಉಸಿರಾಟ ವಿಭಾಗದ ನರ್ಸ್. ಊರು ಹಾಸನ. ಮೇಲೆ ಹೇಳಿದ 2017ರ ಅಧ್ಯಯನವನ್ನು ಮುನ್ನಡೆಸಿದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಲೇನ್ ಫಾಕ್ಸ್ ಘಟಕದವರು. ಮನೆಯ ವೆಂಟಿಲೇಟರ್ ರೋಗಿಗಳಿಗೆಂದೇ ಇರುವ ಘಟಕ ಅದು.

ಇಲ್ಲಿ ಯಂತ್ರ ಆಸ್ಪತ್ರೆಯದ್ದು, ರೋಗಿ ಕೊಳ್ಳಬೇಕಿಲ್ಲ. ಯಂತ್ರದೊಳಗಿನ ಮೋಡೆಮ್‌ನಿಂದ ರಾತ್ರಿ ಎಷ್ಟು ಗಂಟೆ ಬಳಸಿದರು, ಎಷ್ಟು ಸೋರಿತು ಎಂದು ನಮಗೆ ಕಾಣುತ್ತದೆ. ಬಳಕೆ ಕಡಿಮೆಯಾದರೆ ನಾವೇ ಫೋನ್ ಮಾಡುತ್ತೇವೆ. ಕರೆಂಟ್ ಕಂಪನಿಗಳಲ್ಲಿ ಆದ್ಯತೆಯ ಗ್ರಾಹಕರ ನೋಂದಣಿಯಿದೆ, ಯಂತ್ರ ಇರುವ ಮನೆಯವರು ಹೆಸರು ಬರೆಸಿರುತ್ತಾರೆ. ಲೈನ್‌ಮನ್ ಅಣ್ಣ ಹೇಳಿದ ಅರ್ಜಿ ಇಲ್ಲಿ ನಿಯಮವಾಗಿದೆ, ಅಷ್ಟೇ ವ್ಯತ್ಯಾಸ. ನಮ್ಮ ರಾಜ್ಯದಲ್ಲೂ ಇದು ಆಗಬೇಕು. ಎಷ್ಟು ಮನೆಗಳಲ್ಲಿ ಇಂಥ ಯಂತ್ರ ಓಡುತ್ತಿದೆ ಎಂಬ ಪಟ್ಟಿಯಾದರೂ ಇರಬೇಕು.

ನಾಡಿಮಿಡಿತ · ಮಂಗಳವಾರ, ಸಂಜೆ 5.08

ಅಲ್ಲಿಯದ್ದು ಅಲ್ಲಿಗೆ. ಇಲ್ಲಿ ವಿಮೆಯವರೇ ಕೊಡುವುದಿಲ್ಲ. ತಂದೆಯ ಐಸಿಯು ಬಿಲ್ಲಿಗೆ ನಾಲ್ಕು ಲಕ್ಷ ಕೊಟ್ಟವರು ಮನೆಯ ಯಂತ್ರಕ್ಕೆ ಒಂದು ರೂಪಾಯಿ ಕೊಡಲಿಲ್ಲ. ಆ ಯಂತ್ರ ಓಡಿದ್ದರೆ ಮುಂದಿನ ನಾಲ್ಕು ಲಕ್ಷ ಅವರಿಗೇ ಉಳಿಯುತ್ತಿತ್ತು.

ಮಗನ ಅಪ್ಪ · ಮಂಗಳವಾರ, ಸಂಜೆ 5.50

ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ಸ್ನಾಯುಕ್ಷಯ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿದೆ. ನನ್ನ ಮಗನಿಗೆ ಕಾರ್ಡ್ ಇದೆ, ಮಾಸಾಶನ ಇದೆ. ಸಿಒಪಿಡಿ ಆ ಪಟ್ಟಿಯಲ್ಲೇ ಇಲ್ಲ. ಒಲೆಯ ಹೊಗೆ ಕುಡಿದು ಉಸಿರು ಕಳೆದುಕೊಂಡ ಹೆಂಗಸಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ.

ಬಡ್ಡಿ ಇಲ್ಲದ ಸಾಲ · ಮಂಗಳವಾರ, ರಾತ್ರಿ 8.12

ಸೆಕೆಂಡ್ ಹ್ಯಾಂಡ್ ಯಂತ್ರ ಅರ್ಧ ಬೆಲೆಗೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ನೋಡಿ.

ಉಸಿರಿನ ಕೆಲಸ · ಮಂಗಳವಾರ, ರಾತ್ರಿ 8.45

ನಿಂತು ನೋಡಿ ಕೊಳ್ಳಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿಯು ಸದ್ದು ತಗ್ಗಿಸಲು ಒಳಗಿಟ್ಟಿದ್ದ ಫೋಮ್ ಪುಡಿಯಾಗುತ್ತದೆ ಎಂದು ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಹಳೆಯ ಯಂತ್ರ ಕೊಳ್ಳುವವರು ಮಾದರಿ ಮತ್ತು ಕ್ರಮಸಂಖ್ಯೆ ಆ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಲೇಬೇಕು. ಇನ್ನೊಂದು ವಿಷಯ, ಗೊರಕೆಗೆ ಕೊಡುವ ಸಿಪ್ಯಾಪ್ ಯಂತ್ರವನ್ನು ಬೈಪ್ಯಾಪ್ ಎಂದು ಮಾರುವವರಿದ್ದಾರೆ. ಅದು ಒಂದೇ ಒತ್ತಡದ್ದು. ಅತ್ತೆಯವರಿಗೆ ಎರಡು ಒತ್ತಡ ಮತ್ತು ನಿಮಿಷಕ್ಕೆ ಇಷ್ಟು ಉಸಿರು ಎಂದು ತಾನೇ ಕೊಡುವ ಸೌಲಭ್ಯ ಎರಡೂ ಇರಬೇಕು. ನನ್ನ ಸಲಹೆ, ಮೊದಲ ತಿಂಗಳು ಬಾಡಿಗೆಗೆ ತನ್ನಿ. ಮಾಸ್ಕನ್ನು ಮಾತ್ರ ಹೊಸದೇ ಕೊಳ್ಳಿ.

ತೋಟದಮನೆ ಸೊಸೆ · ಮಂಗಳವಾರ, ರಾತ್ರಿ 9.35

ಎಲ್ಲವನ್ನೂ ಮಾವನವರಿಗೆ ಓದಿ ಹೇಳಿದೆ. ಮಗನ ಅಪ್ಪ ಅವರು ಬರೆದದ್ದನ್ನು ಕೇಳುತ್ತ ಎದ್ದು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಬಂದು ಇನ್ವರ್ಟರಿಗೆ ಎಷ್ಟಾಗುತ್ತದೆ ಎಂದು ಕೇಳಿದರು.

ಇನ್ನೊಂದು ಸಂಶಯ. ರಾತ್ರಿ 1 ಲೀಟರ್ ಆಮ್ಲಜನಕ ಯಂತ್ರಕ್ಕೇ ಸೇರಿಸಬೇಕು ಎಂದಿದ್ದಾರೆ. ಕಾನ್ಸೆಂಟ್ರೇಟರ್ ಮೂರು ಗಂಟೆಗೆ ನಿಂತರೆ?

ಉಸಿರಿನ ಕೆಲಸ · ಮಂಗಳವಾರ, ರಾತ್ರಿ 9.58

ಒಂದು ಬಿ ಮಾದರಿಯ ಸಿಲಿಂಡರ್ ಇಟ್ಟುಕೊಳ್ಳಿ. ತುಂಬಿದ್ದರೆ ಸುಮಾರು 1,500 ಲೀಟರ್, ನಿಮಿಷಕ್ಕೆ 1 ಲೀಟರಿನಂತೆ 25 ಗಂಟೆ. ಹೊಳೆದಂಡೆಯವರ ಸಿಲಿಂಡರಿಗೆ ಜಾಗ ಇಲ್ಲಿದೆ. ರಾತ್ರಿ ಮೊದಲು ಯಂತ್ರ ಹಚ್ಚಿ, ಆಮೇಲೆ ಆಮ್ಲಜನಕ. ಬೆಳಿಗ್ಗೆ ಮೊದಲು ಆಮ್ಲಜನಕ ನಿಲ್ಲಿಸಿ, ಆಮೇಲೆ ಯಂತ್ರ. ಈ ಕ್ರಮ ತಪ್ಪಿದರೆ ಯಂತ್ರದೊಳಗೆ ಆಮ್ಲಜನಕ ತುಂಬಿ ಬೆಂಕಿಯ ಅಪಾಯ. ಆ ಕೋಣೆಗೆ ದೇವರ ದೀಪವೂ ಬೇಡ, ಊದುಬತ್ತಿಯೂ ಬೇಡ.

ಕಂಬದ ಕೆಲಸ · ಮಂಗಳವಾರ, ರಾತ್ರಿ 10.03

ಬಚ್ಚಲ ಒಲೆಯ ಗೋಡೆಗೆ ತಾಗಿದ ಕೋಣೆಯಾಗಿದ್ದರೆ ಬೇರೆ ಕೋಣೆಗೆ ಬದಲಿಸಿ ತಂಗೀ.

ಅಕ್ಷರದ ಹಲಗೆ · ಬುಧವಾರ, ಬೆಳಿಗ್ಗೆ 5.20

ನಿದ್ದೆಗೆಟ್ಟ ಹೊತ್ತು, ಬರೆಯುತ್ತೇನೆ. ನನ್ನ ಯಜಮಾನರು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಎಎಲ್‌ಎಸ್, ನರಗಳು ಸೋತು ಸ್ನಾಯುಗಳು ಬಲ ಕಳೆದುಕೊಳ್ಳುವ ಕಾಯಿಲೆ. ಮೊದಲು ಮಾಸ್ಕ್, ಈಗ ಎರಡು ವರ್ಷದಿಂದ ಗಂಟಲಿಗೆ ಕೊಳವೆ ಮತ್ತು 24 ಗಂಟೆ ವೆಂಟಿಲೇಟರ್, ಮನೆಯಲ್ಲೇ. ಕಫ ಎಳೆಯುವುದು ರಾತ್ರಿಗೆ ಆರೇಳು ಸಲ. ಈಗ ಎಳೆದು ಮುಗಿಸಿ ಕುಳಿತಿದ್ದೇನೆ.

ಇಲ್ಲಿ ಯಂತ್ರದ ಮಾತು ಬಹಳ ಆಯಿತು. ಮಾತಿನ ಮಾತು ಬರಲಿಲ್ಲ. ಕೊಳವೆ ಹಾಕಿದ ಮೇಲೆ ಇವರ ದನಿ ಹೋಯಿತು. ಆಸ್ಪತ್ರೆಯಲ್ಲಿ ಇಂಗ್ಲಿಷ್ ಅಕ್ಷರಗಳ ಹಲಗೆ ಕೊಟ್ಟರು. ಮೂವತ್ತು ವರ್ಷ ಕನ್ನಡ ಕಲಿಸಿದವರು ಇಂಗ್ಲಿಷಿನಲ್ಲಿ ನೀರು ಕೇಳಬೇಕಾಯಿತು. ನನಗೆ ಸಹಿಸಲಾಗಲಿಲ್ಲ. ಒಂದು ರಟ್ಟಿನ ಮೇಲೆ ನಮ್ಮ ವರ್ಣಮಾಲೆಯನ್ನೇ ಬರೆದೆ. ನಮ್ಮ ಅಕ್ಷರಗಳು ಮೊದಲೇ ಸಾಲಾಗಿ ನಿಂತಿವೆಯಲ್ಲ. ಸ್ವರ, ಕ ವರ್ಗ, ಚ ವರ್ಗ, ಟ, ತ, ಪ, ಕೊನೆಗೆ ಯರಲವ, ಶಷಸಹಳ. ನಾನು ಸಾಲು ಹೇಳುತ್ತ ಹೋಗುತ್ತೇನೆ, ಬೇಕಾದ ಸಾಲಿಗೆ ಅವರು ಕಣ್ಣು ಮುಚ್ಚುತ್ತಾರೆ. ಆಮೇಲೆ ಆ ಸಾಲಿನ ಅಕ್ಷರಗಳು, ಆಮೇಲೆ ಕಾಗುಣಿತ. ಒತ್ತಕ್ಷರ ಬೇಕಿದ್ದರೆ ಕೆಳಗೆ ನೋಡುತ್ತಾರೆ. ಐವತ್ತು ಅಕ್ಷರವನ್ನು ಒಂದೊಂದಾಗಿ ಹೇಳುವ ಬದಲು ಎಂಟು ಸಾಲು, ಐದು ಅಕ್ಷರ. ಮೊದಲ ದಿನ ಬಂದ ಮಾತು "ಸೆಕೆ". ಫ್ಯಾನ್ ಹಾಕಿದೆ. ಈಗ ವಾಕ್ಯಗಟ್ಟಲೆ ಬರುತ್ತದೆ, ನನ್ನ ಕಾಗುಣಿತ ತಪ್ಪಿದರೆ ತಿದ್ದುತ್ತಾರೆ.

ತೇಮ್ಸ್ ದಂಡೆ · ಬುಧವಾರ, ಬೆಳಿಗ್ಗೆ 11.02

ಅಕ್ಕ, ಆ ಹಲಗೆಯ ಚಿತ್ರ ಹಾಕುತ್ತೀರಾ? ನಮ್ಮಲ್ಲಿ ಒಬ್ಬ ಹಿರಿಯ ಕನ್ನಡಿಗರಿದ್ದಾರೆ, ಅವರಿಗೆ ಮಾಡಿಕೊಡುತ್ತೇನೆ.

ಕೊಳವೆ ಇರುವವರ ಮನೆಯವರಿಗೆ ಒಂದು ಎಚ್ಚರಿಕೆ. ಕೆಲವರಿಗೆ ಮಾತಿನ ಕವಾಟ ಕೊಡುತ್ತಾರೆ. ಕೊಳವೆಯ ಸುತ್ತ ಊದಿರುವ ಕಫ್‌ನ ಗಾಳಿಯನ್ನು ಪೂರ್ತಿ ತೆಗೆಯದೆ ಆ ಕವಾಟ ಹಾಕಿದರೆ ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯೇ ಇರುವುದಿಲ್ಲ. ಪ್ರಾಣಕ್ಕೇ ಅಪಾಯ. ಅದೇ ಅಳತೆಯ ಒಂದು ಮತ್ತು ಒಂದಳತೆ ಚಿಕ್ಕದಾದ ಒಂದು ಬದಲಿ ಕೊಳವೆ ಸದಾ ಹಾಸಿಗೆಯ ಪಕ್ಕದಲ್ಲಿರಲಿ.

ಹೊಳೆದಂಡೆ · ಬುಧವಾರ, ಮಧ್ಯಾಹ್ನ 12.40

ಕೇಳಬಾರದೇನೋ, ಕೇಳುತ್ತೇನೆ. ಹೀಗೆ ಎಷ್ಟು ದಿನ? ನಿಲ್ಲಿಸಬೇಕೆಂದು ಅವರಿಗೇ ಅನಿಸಿದರೆ?

ನಾಡಿಮಿಡಿತ · ಬುಧವಾರ, ಮಧ್ಯಾಹ್ನ 12.52

ಇಂಥ ಪ್ರಶ್ನೆ ಇಲ್ಲಿ ಬೇಡ. ಆ ತಾಯಿ ಭಯಪಟ್ಟುಕೊಂಡು ಬಂದಿದ್ದಾರೆ.

ಅಕ್ಷರದ ಹಲಗೆ · ಬುಧವಾರ, ಮಧ್ಯಾಹ್ನ 2.30

ಬೇಡವೆನ್ನಬೇಡಿ. ನಾವು ಮಾತಾಡಿದ್ದೇವೆ. ಕೊಳವೆ ಹಾಕಿಸುವ ಮೊದಲೇ ಮಾತಾಡಬೇಕಿತ್ತು, ಆಗ ಯಾರೂ ನಮಗೆ ಹೇಳಲಿಲ್ಲ. ಆ ಕೊರಗು ನನಗೆ ಈಗಲೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನೂ ಮುಂಗಡ ಮರಣ ಇಚ್ಛಾಪತ್ರವನ್ನೂ ಮಾನ್ಯಮಾಡಿತು. 2023ರ ಜನವರಿಯಲ್ಲಿ ಆ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದ ಮೇಲೆಯೇ ಯಂತ್ರ ತೆಗೆಯುವ ಮಾತು, ಅದೂ ಚೇತರಿಕೆಯ ದಾರಿಯಿಲ್ಲದಾಗ. ಇವರು ಹಲಗೆಯ ಮೇಲೆ ಒಂದೊಂದೇ ಅಕ್ಷರ ಹೇಳಿ ಬರೆಸಿದರು, ಮೂರು ದಿನ ಹಿಡಿಯಿತು. ಯಾವ ಸ್ಥಿತಿಗೆ ಬಂದರೆ ನಿಲ್ಲಿಸಬೇಕು ಎಂದು ಅದರಲ್ಲಿದೆ. ಆ ಸ್ಥಿತಿ ಇನ್ನೂ ಬಂದಿಲ್ಲ. ಬರೆಸಿದ ಮರುದಿನ ಅವರು ಕೇಳಿದ್ದು ಮೊಮ್ಮಗಳ ಅಂಕಪಟ್ಟಿ.

ಉಸಿರಿನ ಕೆಲಸ · ಬುಧವಾರ, ಮಧ್ಯಾಹ್ನ 3.05

ಅಕ್ಕನವರ ಮಾತು ಪ್ರತಿ ವೈದ್ಯರೂ ಓದಬೇಕಾದದ್ದು. ಆದರೆ ಸೊಸೆಯವರೇ, ಎರಡನ್ನೂ ಬೆರೆಸಿಕೊಳ್ಳಬೇಡಿ. ನಿಮ್ಮ ಅತ್ತೆಯವರದ್ದು ರಾತ್ರಿಯ ಮಾಸ್ಕ್. ಹಗಲೆಲ್ಲ ಅವರು ನಿಮ್ಮಂತೆಯೇ ಓಡಾಡಿಕೊಂಡಿರುತ್ತಾರೆ.

ತೋಟದಮನೆ ಸೊಸೆ · ಆರು ವಾರದ ನಂತರ, ಭಾನುವಾರ, ರಾತ್ರಿ 8.20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಯಂತ್ರವನ್ನು ಬಾಡಿಗೆಗೆ ತಂದೆವು. ಮೊದಲ ನಾಲ್ಕು ರಾತ್ರಿ ಯುದ್ಧ. ಅತ್ತೆಯವರು ಕಿತ್ತು ಎಸೆಯುತ್ತಿದ್ದರು, ಬಾವಿಯೊಳಗೆ ಮುಖ ಹಾಕಿದಂತಾಗುತ್ತದೆ ಎಂದು ಅಳುತ್ತಿದ್ದರು. ಐದನೆಯ ದಿನ ಚಿಕಿತ್ಸಕಿಯೊಬ್ಬರು ಮನೆಗೆ ಬಂದು ಮಾಸ್ಕನ್ನು ಒಂದಳತೆ ಚಿಕ್ಕದು ಮಾಡಿದರು, ಒತ್ತಡವನ್ನು ಕೆಳಗಿನಿಂದ ಮೆಲ್ಲಗೆ ಏರುವಂತೆ ಇಟ್ಟರು. ಹಗಲು ಹೊತ್ತು ಟಿವಿ ನೋಡುತ್ತ ಅರ್ಧ ಗಂಟೆ ಹಾಕಿ ರೂಢಿ ಮಾಡಿಸಿ ಎಂದರು. ಅದು ಕೆಲಸ ಮಾಡಿತು. ಈಗ ರಾತ್ರಿಗೆ ಸರಾಸರಿ 6 ಗಂಟೆ 40 ನಿಮಿಷ ಎಂದು ಯಂತ್ರವೇ ತೋರಿಸುತ್ತಿದೆ. ಕಳೆದ ವಾರದ ರಕ್ತ ಪರೀಕ್ಷೆಯಲ್ಲಿ ಇಂಗಾಲ 48. ಬೆಳಗಿನ ತಲೆನೋವು ಹೋಗಿದೆ, ಕಾಲಿನ ಊತ ಇಳಿದಿದೆ.

ಎರಡು ಸಲ ಕರೆಂಟ್ ಹೋಯಿತು. ಒಂದು ಸಲ 19 ಗಂಟೆ. ಇನ್ವರ್ಟರ್ ಹಿಡಿಯಿತು. ಕಂಬದ ಅಣ್ಣ, ಅರ್ಜಿ ಕೊಡಲು ಹೋದಾಗ ಸೆಕ್ಷನ್ ಆಫೀಸರ್ ತಮ್ಮ ಮೊಬೈಲ್ ನಂಬರ್ ಬರೆದುಕೊಟ್ಟರು.

ಬಚ್ಚಲಿಗೆ ಈಗ ಸೋಲಾರ್. ಅಡಿಕೆ ಬೇಯಿಸುವ ಒಲೆಯನ್ನು ಮಾವನವರು ಮನೆಯಿಂದ ದೂರ, ತೋಟದ ಅಂಚಿಗೆ ಒಯ್ದಿದ್ದಾರೆ. ನಾದಿನಿ ಕಳೆದ ವಾರ ಬಂದವಳು ಮಾಸ್ಕ್ ತೊಳೆಯುವುದನ್ನು ತಾನೇ ಕಲಿತಳು.

ಈಗ ಒಂದೇ ಪ್ರಶ್ನೆ. ಸಿದ್ದಾಪುರದಲ್ಲಿ ಅತ್ತೆಯವರ ತಂಗಿಯ ಮಗಳ ಮದುವೆ, ಎರಡು ರಾತ್ರಿ ಉಳಿಯಬೇಕು. ಹೋಗಲೇಬೇಕು ಎನ್ನುತ್ತಿದ್ದಾರೆ. ಯಂತ್ರವನ್ನು ಕಾರಿನಲ್ಲಿ ಒಯ್ಯಬಹುದೇ?

ಉಸಿರಿನ ಕೆಲಸ · ಭಾನುವಾರ, ರಾತ್ರಿ 8.44

48! ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಧಾರಾಳವಾಗಿ ಒಯ್ಯಿರಿ. ನೀರಿನ ಪೆಟ್ಟಿಗೆಯನ್ನು ಖಾಲಿ ಮಾಡಿಯೇ ಕಾರಿಗೆ ಇಡಿ, ಇಲ್ಲದಿದ್ದರೆ ಓಲಾಡಿ ನೀರು ಯಂತ್ರದೊಳಗೆ ಹೋಗುತ್ತದೆ. ಡಿಸ್ಟಿಲ್ಡ್ ನೀರನ್ನು ಬೇರೆ ಬಾಟಲಿಯಲ್ಲಿ ತೆಗೆದುಕೊಳ್ಳಿ. ಸಿಲಿಂಡರನ್ನು ಕಾರಿನಲ್ಲಿ ಉರುಳದಂತೆ ಕಟ್ಟಿ.

ಕಂಬದ ಕೆಲಸ · ಭಾನುವಾರ, ರಾತ್ರಿ 9.01

ಮದುವೆ ಮನೆಯಲ್ಲಿ ಸೀರಿಯಲ್ ಸೆಟ್ ಹಾಕಿದ ಪ್ಲಗ್ಗಿಗೆ ಹಚ್ಚಬೇಡಿ ತಂಗೀ. ಜನರೇಟರ್ ಯಾವ ಕೋಣೆಗೆ ಬರುತ್ತದೆ ಎಂದು ಮೊದಲೇ ಕೇಳಿಕೊಂಡು, ಅತ್ತೆಯವರನ್ನು ಆ ಕೋಣೆಯಲ್ಲೇ ಮಲಗಿಸಿ.

ನಾಡಿಮಿಡಿತ · ಭಾನುವಾರ, ರಾತ್ರಿ 9.37

ಅಟ್ಟದಿಂದ ನಮ್ಮ ಯಂತ್ರವನ್ನು ಇಳಿಸಿದ್ದೇನೆ. ತಂದೆಗೆ ಕಳೆದ ತಿಂಗಳು 61 ಬಂದಿದೆ. ಉಸಿರಿನ ಕೆಲಸ ಅವರೇ, ಫಿಲ್ಟರ್ ಬದಲಿಸಿ ಅದನ್ನೇ ಬಳಸಬಹುದೇ, ಮೊದಲು ತಪಾಸಣೆ ಮಾಡಿಸಬೇಕೇ?

ಉಸಿರಿನ ಕೆಲಸ · ಭಾನುವಾರ, ರಾತ್ರಿ 9.41

ಮೊದಲು ತಪಾಸಣೆ. ಹಿಂದಿನ ಒತ್ತಡಗಳನ್ನು ಹಾಗೆಯೇ ಬಳಸಬೇಡಿ, ವೈದ್ಯರಿಂದ ಹೊಸದಾಗಿ ಬರೆಸಿ. ಯಂತ್ರದ ಹಿಂಬದಿಯ ಕ್ರಮಸಂಖ್ಯೆಯ ಚಿತ್ರ ಕಳಿಸಿ, ಈಗಲೇ ನೋಡುತ್ತೇನೆ.